ಎಂಟು ಕಂಬದ ಮನೆ ತಿರುಗಿದ ವಾರ

ಆ ಮಂಗಳವಾರ ಬೆಳಿಗ್ಗೆ ನನ್ನ ಮಾವ ಶಿವನಂಜಪ್ಪನವರು ಎಂದಿನಂತೆ ಕಾಫಿ ಲೋಟ ಹಿಡಿದುಕೊಂಡು ಮುಂಬಾಗಿಲು ತೆರೆದರು. ರಸ್ತೆಯಲ್ಲಿ ಹೋಗುವವರು ಕಂಬಗಳ ನಡುವೆ ನಿಂತ ಅವರಿಗೆ ಕೈಮುಗಿಯುವುದು, ಅವರು ಲೋಟವನ್ನು ಸ್ವಲ್ಪ ಮೇಲೆತ್ತಿ ತಲೆಯಾಡಿಸುವುದು ನಮ್ಮ ಬಡಾವಣೆಯ ಬೆಳಗಿನ ಕ್ರಮ. ಆವತ್ತು ಅವರೆದುರು ರಸ್ತೆ ಇರಲಿಲ್ಲ. ಹಿಂದಿನ ಓಣಿ ಇತ್ತು, ಓಣಿಯ ತಿಪ್ಪೆ ಇತ್ತು, ತಿಪ್ಪೆ ಕೆದಕುತ್ತಿದ್ದ ಕೋಳಿಗಳಿದ್ದವು. ಮಾವ ಬಾಗಿಲು ಮುಚ್ಚಿ, ಮತ್ತೆ ತೆರೆದು ನೋಡಿದರು. ಆಮೇಲೆ ಅಡುಗೆಮನೆಗೆ ಬಂದು, ಕುಡಿಯದ ಕಾಫಿಯನ್ನು ಕಟ್ಟೆಯ ಮೇಲಿಟ್ಟು, ನನ್ನ ಮುಖ ನೋಡದೆ ಹೇಳಿದರು: "ಮಂಗಳಾ, ನಮ್ಮನೆ ತಿರುಗಿಬಿಟ್ಟಿದೆ ಕಣಮ್ಮ."

ನಮ್ಮ ಊರಿನಲ್ಲಿ ಮನೆ ತಿರುಗುವುದು ಹೊಸ ಸಂಗತಿಯಲ್ಲ. ಒಳಗೆ ನಾಚಿಕೆಗೇಡಿನ ಕೆಲಸವೇನಾದರೂ ನಡೆದರೆ ಮನೆ ರಸ್ತೆಗೆ ಬೆನ್ನು ಹಾಕಿ ನಿಲ್ಲುತ್ತದೆ. ಮಾಡಿದವರು ಸರಿಮಾಡಿದ ಮೇಲೆ ಮತ್ತೆ ಮುಖ ತೋರಿಸುತ್ತದೆ. ಅದಕ್ಕೆ ತಕ್ಕ ಏರ್ಪಾಡು ಎಲ್ಲರೂ ಮಾಡಿಕೊಂಡಿದ್ದಾರೆ. ಕರೆಂಟಿನವರು ಕಂಬದಿಂದ ಮನೆಗೆ ತಂತಿ ಎಳೆಯುವಾಗ ಸಡಿಲ ಬಿಟ್ಟೇ ಎಳೆಯುತ್ತಾರೆ. ಅಂಚೆ ಡಬ್ಬಿಯನ್ನು ಯಾರೂ ಬಾಗಿಲಿಗೆ ಹಾಕುವುದಿಲ್ಲ, ಗೇಟಿಗೆ ನೇತುಹಾಕುತ್ತಾರೆ. ಹೆಣ್ಣು ನೋಡಲು ಬರುವವರು ಬೀದಿಯ ತುದಿಯಲ್ಲೇ ನಿಂತು ಕತ್ತು ಉದ್ದ ಮಾಡಿ ನೋಡಿ, ಮನೆಯ ಬೆನ್ನು ಕಂಡರೆ ಹೂವು ಹಣ್ಣಿನ ಸಮೇತ ಹಾಗೇ ವಾಪಸಾಗುತ್ತಾರೆ. ಮೂಲೆಮನೆ ಟೈಲರ್ ಯಾರದೋ ರೇಷ್ಮೆ ಬಟ್ಟೆಯಲ್ಲಿ ರವಿಕೆಗಾಗುವಷ್ಟು ತುಂಡು ಕದ್ದಾಗ ಅವನ ಮನೆ ತಿರುಗಿತ್ತು. ಬಟ್ಟೆಯವರ ಮನೆಗೆ ಹೋಗಿ ಕೈಮುಗಿದು ಬಂದ, ಮಾರನೆಯ ಬೆಳಿಗ್ಗೆ ಸರಿಹೋಯಿತು. ಯಾರೂ ಅದನ್ನು ಆಡಿಕೊಳ್ಳಲಿಲ್ಲ. ಇವತ್ತು ಅವನದು, ನಾಳೆ ತಮ್ಮದು ಎಂದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಜನ ಮನೆಯ ಹಿಂಭಾಗಕ್ಕೂ ಸುಣ್ಣ ಬಣ್ಣ ಹೊಡೆಸಿ, ಅಲ್ಲೂ ಒಂದು ತುಳಸಿ ಕುಂಡ ಇಟ್ಟು, ಒಪ್ಪವಾಗಿ ಇಟ್ಟುಕೊಂಡಿರುತ್ತಾರೆ.

ನಾವು ಮಾತ್ರ ಇಟ್ಟುಕೊಂಡಿರಲಿಲ್ಲ. ಅಗತ್ಯ ಬೀಳುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ನಮ್ಮದು ಎಂಟು ಕಂಬದ ಮನೆ. ಮಾವನ ತಂದೆ ವಕೀಲ ಚೆನ್ನವೀರಯ್ಯನವರು, ಈ ಬಡಾವಣೆಯಲ್ಲಿ ಮೂರೇ ಮನೆಗಳಿದ್ದ ಕಾಲದಲ್ಲಿ ಕಟ್ಟಿಸಿದ್ದು. ಅರ್ಧ ಚಂದ್ರನಂತೆ ಬಾಗಿದ ಮೊಗಸಾಲೆ, ಅದರ ಅಂಚಿಗೆ ಎರಡಾಳೆತ್ತರದ ಎಂಟು ಬಿಳಿ ಕಂಬ, ಕಂಬಗಳ ತಲೆಯ ಮೇಲೆ ಗಾರೆಯ ದ್ರಾಕ್ಷಿ ಗೊಂಚಲು, ಬಾಗಿಲ ಮೇಲೆ ಕೆಂಪು ನೀಲಿ ಹಸಿರು ಗಾಜಿನ ಕಮಾನು. ಬಸ್ ನಿಲ್ದಾಣದ ಹೆಸರೇ ಎಂಟು ಕಂಬ. ಎಂಟನೆಯ ಕ್ರಾಸಿನವರು, ಗಿರಣಿ ಹಿಂದಿನವರು, ಶಾಲೆ ಎದುರಿನವರು, ಎಲ್ಲರೂ ತಮ್ಮ ವಿಳಾಸದಲ್ಲಿ ಮೊದಲು ನಮ್ಮ ಮನೆಯನ್ನು ಬರೆಯುತ್ತಾರೆ. ಮಾವ ಹೈಸ್ಕೂಲಿನ ಹೆಡ್‌ಮಾಸ್ತರಾಗಿ ನಿವೃತ್ತರಾದ ಮೇಲೆ ಭಾನುವಾರಗಳಂದು ನೋಡಲು ಬಂದವರಿಗೆ ಮನೆಯ ಕಥೆ ಹೇಳುವುದನ್ನೇ ಕೆಲಸ ಮಾಡಿಕೊಂಡರು. ಹಜಾರದ ಪಕ್ಕದಲ್ಲೇ ಅಡುಗೆಮನೆ ಯಾಕಿದೆ ಎಂದು ಯಾರಾದರೂ ಕೇಳಿದರೆ, "ಬಂದೋರಿಗೆ ಮೊದಲು ಒಗ್ಗರಣೆ ವಾಸನೆ ಸ್ವಾಗತ ಹೇಳ್ಬೇಕು ಅಂತ ನಮ್ಮ ತಂದೆಯವರ ಆಸೆ" ಎನ್ನುತ್ತಿದ್ದರು. ದೇವರ ಕೋಣೆ ಅಷ್ಟು ಹಿಂದೆ, ಸಾಮಾನು ಕೋಣೆಯ ಪಕ್ಕದಲ್ಲಿ ಯಾಕೆ? ಗದ್ದಲ ಕೇಳಬಾರದೆಂದು. ಬಚ್ಚಲ ನೀರಿನ ಕಾಲುವೆ ಕಂಬಗಳ ಮೆಟ್ಟಿಲ ಕೆಳಗೇ ಹಾದುಹೋಗುವುದು ಯಾಕೆ? ಬೇಸಿಗೆಯಲ್ಲಿ ಮೆಟ್ಟಿಲು ತಂಪಾಗಿರಲೆಂದು. ಕಂಬಗಳನ್ನು ಬೆರಳಿಂದ ಬಡಿದರೆ ಖಾಲಿ ಕೊಡದ ಹಾಗೆ ಶಬ್ದ ಬರುತ್ತಿತ್ತು. ಅದಕ್ಕೂ ಒಂದು ಉತ್ತರವಿತ್ತು. ಕೊನೆಯಲ್ಲಿ ಅವರು ದನಿ ತಗ್ಗಿಸಿ, "ಈ ಊರಲ್ಲಿ ಒಂದ್ಸಲಾನೂ ಬೆನ್ನು ತೋರಿಸದ ಮನೆ ಇದೊಂದೇ" ಎನ್ನುವಾಗ ಬಂದವರು ಚಪ್ಪಲಿ ಬಿಟ್ಟು ನಿಂತಿದ್ದನ್ನು ನಾನೇ ನೋಡಿದ್ದೇನೆ. ಆ ಮಾತನ್ನೇ ಕಲ್ಲಿನಲ್ಲಿ ಕೆತ್ತಿಸಿ, ಬಡಾವಣೆ ಸಂಘದವರು ಆ ವಾರದ ಭಾನುವಾರ ನಮ್ಮ ಗೇಟಿನ ಪಕ್ಕದಲ್ಲಿ ನಿಲ್ಲಿಸುವುದಿತ್ತು.

ಹಾಗಿರುವಾಗ ಮಂಗಳವಾರ ಬೆಳಿಗ್ಗೆ ರಸ್ತೆಯವರಿಗೆ ಕಂಡದ್ದು ಎಳೆದಾಡಿದ ಸೌದೆ ರಾಶಿ, ಹಗ್ಗ ಹರಿದ ಮಂಚ, ನನ್ನ ಗಂಡ ಉಮಾಪತಿಯ ಹಳೆಯ ಸ್ಕೂಟರಿನ ಅಸ್ಥಿಪಂಜರ, ತಂತಿಯ ಮೇಲೆ ಒಣಗುತ್ತಿದ್ದ ನಮ್ಮ ಲಂಗ ಲುಂಗಿಗಳು. ಮೊದಲ ಬಸ್ಸಿನ ಡ್ರೈವರ್ ಕಂಬ ಕಾಣದೆ ನಿಲ್ದಾಣ ದಾಟಿ ಹೋದ. ಇಳಿಯಬೇಕಾದವರು ಕೂಗಾಡಿದರು. ಆಮೇಲೆ ಬಸ್ಸಿನ ಒಂದು ಬದಿಯ ಕಿಟಕಿಗಳಲ್ಲೆಲ್ಲ ತಲೆಗಳು ಹೊರಬಂದವು. ಯಾರೂ ಮಾತಾಡಲಿಲ್ಲ. ಆ ಮೌನಕ್ಕೆ ನಾನು ಓಡಿಹೋಗಿ ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಬಂದೆ.

ಮಾವ ಊಟ ಬಿಟ್ಟರು. ಅಂಗಿ ಹಾಕಿಕೊಂಡರು, ಬಿಚ್ಚಿದರು, ಹೊರಗೆ ಹೋಗಲಿಲ್ಲ. ಮಧ್ಯಾಹ್ನ ನನ್ನ ಗಂಡನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳನ್ನು ಕೇಳುವಂತೆ ಕೇಳಿದರು: "ಹೇಳು. ಏನ್ ಮಾಡಿದೀಯ?"

"ನಾನೇನ್ ಮಾಡಿದೀನಪ್ಪ?"

"ಯೋಚನೆ ಮಾಡಿ ಹೇಳು. ಸುಮ್ ಸುಮ್ನೆ ತಿರುಗೋ ಮನೆ ಅಲ್ಲ ಇದು."

ನನ್ನ ಗಂಡ ಬಹಳ ಹೊತ್ತು ಉಗುರು ಕಚ್ಚಿ, ಕೊನೆಗೆ, ಹೋದ ತಿಂಗಳು ಛತ್ರದಲ್ಲಿ ತನ್ನ ಕಡ್ಡಿ ಮುರಿದ ಛತ್ರಿ ಬಿಟ್ಟು ಬೇರೆ ಯಾರದೋ ಹೊಸ ಛತ್ರಿ ತಂದದ್ದನ್ನು ಒಪ್ಪಿಕೊಂಡರು. ಬಿಸಿಲಲ್ಲೇ ಹೋಗಿ ಅದರ ಒಡೆಯನನ್ನು ಹುಡುಕಿ ಕೊಟ್ಟು ಬಂದರು. ಬುಧವಾರ ಬೆಳಿಗ್ಗೆ ಮನೆ ಕದಲಿರಲಿಲ್ಲ. ಮಾವ ತಮ್ಮ ಲೆಕ್ಕವನ್ನೂ ತೆಗೆದರು. ಜೊತೆಯಲ್ಲಿ ಕೆಲಸ ಮಾಡಿದ ಡ್ರಾಯಿಂಗ್ ಮೇಷ್ಟ್ರು ತೀರಿಹೋದಾಗ ಮೊಣಕಾಲು ನೋವೆಂದು ಸುಳ್ಳು ಹೇಳಿ ಮಣ್ಣಿಗೆ ಹೋಗಿರಲಿಲ್ಲವಂತೆ. ಟವಲು ತಲೆಗೆ ಸುತ್ತಿಕೊಂಡು, ಯಾರಿಗೂ ಗುರುತು ಸಿಗದಂತೆ ಓಣಿಯಿಂದ ಹೊರಟು ಆ ಮೇಷ್ಟ್ರ ಹೆಂಡತಿಯ ಎದುರು ಕೂತು ಬಂದರು. ಏನೂ ಆಗಲಿಲ್ಲ.

ಬುಧವಾರ ಸಂಜೆ ಸಂಘದ ಅಧ್ಯಕ್ಷ ಕೆಂಪರಾಜು ಬಂದ. ಬಾಗಿಲಲ್ಲೇ ನಿಂತು ತನ್ನ ಚಪ್ಪಲಿ ನೋಡುತ್ತಾ ಮಾತಾಡಿದ. "ಮೇಷ್ಟ್ರೇ, ಕಲ್ಲು ಕೆತ್ತಿ ಆಗಿದೆ. ಊರಿಗೆಲ್ಲ ಹೇಳಿಯೂ ಆಗಿದೆ. ನಿಮ್ಮನೆ ವಿಚಾರ ನಾನು ಕೇಳಲ್ಲ. ಭಾನುವಾರದ ಒಳಗೆ ಏನಾದ್ರೂ..."

"ಆಗುತ್ತೆ," ಎಂದರು ಮಾವ.

"ಅಲ್ಲೀವರೆಗೆ ಈ ಕಡೇನಾದ್ರೂ ಸ್ವಲ್ಪ ಚೊಕ್ಕ ಮಾಡಿಸಿದ್ರೆ..."

ಆ ಮಾತಿಗೆ ಮಾವನ ಕಿವಿ ಕೆಂಪಾಯಿತು. ಅವನು ಹೋದದ್ದೇ ನಾವು ಮೂವರೂ ಸೆರಗು ಪಂಚೆ ಕಟ್ಟಿ ನಿಂತೆವು. ಸೌದೆ ಎತ್ತಿ ಹಾಕಿದೆವು. ಅಡಿಯಲ್ಲಿ ಬಾಗಿಲ ಎರಡೂ ಬದಿಗೆ ಕಲ್ಲಿನ ಜಗಲಿಗಳಿದ್ದವು, ಕೂತೂ ಕೂತೂ ನುಣುಪಾದವು. ಮಸಿ ತೊಳೆದ ಮೇಲೆ ಬಾಗಿಲ ಚೌಕಟ್ಟಿನಲ್ಲಿ ಗಿಳಿಗಳ ಸಾಲು, ಬಳ್ಳಿ, ನಡುವೆ ಲಕ್ಷ್ಮಿ ಕಂಡಳು. ಚೌಕಟ್ಟಿನ ಅಕ್ಕಪಕ್ಕ ಗೋಡೆಯಲ್ಲಿ ಎರಡು ದೀಪದ ಗೂಡು, ಒಳಗೆ ಎಣ್ಣೆಯ ಕಪ್ಪು. ಮಾವ ಒದ್ದೆ ಕೈಯಿಂದ ಗಿಳಿಯೊಂದರ ಕೊಕ್ಕು ಸವರಿ, ಎರಡು ದಿನದಲ್ಲಿ ಮೊದಲ ಸಲ ಮುಖ ಅರಳಿಸಿದರು. "ನೋಡಮ್ಮ, ನಮ್ಮಪ್ಪ ಹಿಂಬಾಗಿಲನ್ನೂ ಹೆಂಗೆ ಮಾಡ್ಸಿದ್ರು!"

ನಾನು ಹೌದು ಎಂದೆ. ನನಗೂ ಬೇರೇನೂ ಹೊಳೆಯಲಿಲ್ಲ.

ನನ್ನ ನಾದಿನಿ ದಾಕ್ಷಾಯಿಣಿಯ ಸರದಿ ಗುರುವಾರ ಬಂತು. ದಾಕ್ಷಿ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಗಂಡ ಕೈ ಮಾಡುತ್ತಾನೆಂದು ಎರಡು ವರ್ಷದ ಹಿಂದೆ ಬಂದವಳು ಮತ್ತೆ ಹೋಗಿರಲಿಲ್ಲ. ಯಾರಾದರೂ ಕೇಳಿದರೆ ಮಾವ "ಡ್ಯೂಟಿ ಇಲ್ಲಿಗೆ ಹಾಕಿದಾರೆ" ಎನ್ನುತ್ತಿದ್ದರು. ಆ ವಾರ ಅವಳಿಗೆ ಎರಡು ಪಾಳಿ. ಮನೆ ತಿರುಗಿದ್ದನ್ನು ನೋಡಿ, ಏನೂ ಹೇಳದೆ ಹೋಗಿ ಬಂದು ಮಾಡುತ್ತಿದ್ದಳು. ಗುರುವಾರ ಮಧ್ಯಾಹ್ನ ಚೀಲ ಇಳಿಸುವ ಮೊದಲೇ ಮಾವ ಕೇಳಿದರು.

"ನಿನ್ನಿಂದ ಏನಾದ್ರೂ ಆಗಿದೆಯಾ ದಾಕ್ಷಿ?"

"ಸೋಮವಾರ ಒಬ್ರನ್ನ ಊಟಕ್ಕೆ ಕರ್ಕೊಂಬಂದಿದ್ದೆ ಅಪ್ಪ. ಅಷ್ಟೇ."

ಹೌದು, ಕರೆತಂದಿದ್ದಳು. ಒಂದು ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿದ್ದ ಮುದುಕಿ. ಮಾವ ಆ ಹೊತ್ತಿಗೆ ಪಿಂಚಣಿ ಸಂಘಕ್ಕೆ ಹೋಗಿದ್ದರು. ಆಟೋದವನು ಓಣಿಯಲ್ಲೇ ಇಳಿಸಿದ್ದರಿಂದ ಹಿಂಬಾಗಿಲಿಂದ ಒಳಗೆ ಬಂದಿದ್ದರು. ಮುದುಕಿ ಕೂರಲೆಂದು ದಾಕ್ಷಿ ಸೌದೆಯನ್ನು ಒಂದಿಷ್ಟು ಬದಿಗೆ ಸರಿಸಿದ್ದಳು. ಮುದುಕಿ ಅಲ್ಲಿ ಒಂದು ಗಳಿಗೆ ಗೋಡೆಗೆ ಅಂಗೈ ಇಟ್ಟು ಕೂತಿದ್ದು, ಆಮೇಲೆ ಒಳಗೆ ಬಂದು ಮುದ್ದೆ ಸಾರು ಉಂಡು, "ಹೊಟ್ಟೆ ತಣ್ಣಗಿರ್ಲಿ ಕಣವ್ವ" ಎಂದು ನನ್ನ ತಲೆ ಮುಟ್ಟಿ ಹೋಗಿದ್ದಳು. ಆಸ್ಪತ್ರೆಯಲ್ಲಿ ಯಾರೂ ಇಲ್ಲದ ರೋಗಿ ಇರಬೇಕೆಂದು ನಾನು ಅಂದುಕೊಂಡಿದ್ದೆ.

"ಯಾರವರು?" ಎಂದರು ಮಾವ.

"ತಾಯವ್ವ. ಬಸಮ್ಮಜ್ಜಿಯ ಮಗಳು. ನಿಮ್ಮ ಸೋದರತ್ತೆ ಮಗಳು ಅಪ್ಪ."

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟು: ಚೆನ್ನವೀರಯ್ಯನವರಿಗೆ ಒಬ್ಬ ತಂಗಿ ಇದ್ದಳು, ಗಂಡನ ಮನೆ ಬಿಟ್ಟು ಮಗುವಿನೊಂದಿಗೆ ಬಂದಳು, ಆಮೇಲೆ ಹೇಳದೆ ಕೇಳದೆ ಎಲ್ಲಿಗೋ ಹೋಗಿ ಮನೆತನದ ಮಾನ ಕಳೆದಳು. ಮಾವ ಹುಟ್ಟುವ ಮೊದಲಿನ ಮಾತು. ಅವರಿಗೂ ಅಷ್ಟೇ ಗೊತ್ತಿತ್ತು.

"ಅವಳ ಮಗಳನ್ನ ಈ ಮನೆ ಒಳಗೆ ಕರ್ಕೊಂಬಂದ್ಯಾ?" ಮಾವ ಎದ್ದು ನಿಂತರು. "ಸಿಕ್ತಲ್ಲ ಕಾರಣ! ಎಲ್ಲಿ ಎಲ್ಲಿ ಅಂತ ಹುಡುಕ್ತಿದ್ದೆ. ಆ ಹೆಂಗಸು ಮಾಡಿದ್ದಕ್ಕೆ ನಮ್ಮಪ್ಪ ಸಾಯೋವರೆಗೂ ತಂಗಿ ಹೆಸರೆತ್ತಲಿಲ್ಲ."

"ಬಸಮ್ಮಜ್ಜಿ ಏನೂ ಮಾಡಿಲ್ಲ ಅಪ್ಪ. ತಾತನೇ ಹೊರಗೆ ಹಾಕಿದ್ದು. ಮುನಿಸಿಪಾಲಿಟಿ ಅಧ್ಯಕ್ಷ ಆಗೋ ಹೊತ್ತಲ್ಲಿ ಗಂಡನ್ನ ಬಿಟ್ಟ ತಂಗಿ ಮನೇಲಿದ್ರೆ ಜನ ಏನಂತಾರೆ ಅಂತ."

"ಆ ಮುದುಕಿ ಹೇಳಿದ್ದು, ನೀನು ಕೇಳಿದ್ದು!"

"ಹೂಂ. ಕೇಳಿದೆ. ನನಗೆ ನಂಬಿಕೆ ಬಂತು."

ದಾಕ್ಷಿ ಕೂಗಾಡಲಿಲ್ಲ. ಅವಳು ಅಷ್ಟು ಮೆತ್ತಗೆ ಹೇಳಿದ್ದೇ ಮಾವನನ್ನು ಇನ್ನಷ್ಟು ಕೆರಳಿಸಿತೋ ಏನೋ. ಮೂವತ್ತು ವರ್ಷ ಮಕ್ಕಳಿಗೆ ಕೈ ಎತ್ತದೆ ಪಾಠ ಹೇಳಿದ ಮನುಷ್ಯನ ಬಾಯಲ್ಲಿ ಬಂದ ಮಾತು ಕೇಳಿ ನನ್ನ ಗಂಡ ಗೋಡೆಯ ಕಡೆ ತಿರುಗಿಬಿಟ್ಟರು. "ನೀನು ಗಂಡನ್ನ ಬಿಟ್ಟು ಬಂದ ದಿನಾನೇ ಈ ಮನೆ ತಿರುಗಬೇಕಿತ್ತು. ತಡ್ಕೊಂಡಿತ್ತು. ಇನ್ನೆಷ್ಟು ತಡ್ಕೊಳುತ್ತೆ? ಭಾನುವಾರದವರೆಗಾದ್ರೂ ಎಲ್ಲಾದ್ರೂ ಹೋಗಿರು."

"ಭಾನುವಾರ ಆದ್ಮೇಲೆ ಕರೀತೀರಾ?"

ದಾಕ್ಷಿ ಇಳಿಸಿದ ಚೀಲವನ್ನೇ ಮತ್ತೆ ಹೆಗಲಿಗೇರಿಸಿ, ಒಳಗಿನಿಂದ ನಾಲ್ಕು ಸೀರೆ ತುರುಕಿಕೊಂಡು, ನನಗೆ "ಬರ್ತೀನಿ ಅತ್ತಿಗೆ" ಎಂದು ಗಿಳಿಗಳ ಬಾಗಿಲಿಂದ ರಸ್ತೆಗೆ ಇಳಿದಳು. ಎದುರು ಮನೆಯವರು ಹೂವು ಕೊಯ್ಯುವ ನೆಪದಲ್ಲಿ ನೋಡುತ್ತಿದ್ದರು. ಮಾವ ತಾವೇ ಬಂದು ಅಗುಳಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ಕಂಬಗಳು ರಸ್ತೆಗೆ ಬಂದಿದ್ದವು.

ಅಬ್ಬಾ, ಆ ಬೆಳಗಿನ ಸಂಭ್ರಮವೇ! ಬಸ್ ಡ್ರೈವರ್ ಹಾರ್ನ್ ಬಾರಿಸಿ ಹೋದ. ಕೆಂಪರಾಜು ಮೈಸೂರು ಪಾಕಿನ ಡಬ್ಬಿ ಹಿಡಿದು ಓಡಿಬಂದು ಮಾವನ ಕಾಲು ಮುಟ್ಟಿದ. ಎದುರು ಮನೆಯವರು, ಮೂಲೆಮನೆ ಟೈಲರ್, ಯಾರ್ಯಾರೋ ಬಂದು, ಏನು ತಪ್ಪಾಗಿತ್ತು ಎಂದು ಕೇಳದೆ, ಸರಿಹೋಯಿತಲ್ಲ ಎಂದು ಕೈಹಿಡಿದು ಹೋದರು. ಅವರಲ್ಲಿ ಕೆಲವರಾದರೂ ದಾಕ್ಷಿ ಚೀಲ ಹೊತ್ತು ಹೋದದ್ದನ್ನು ನೋಡಿದವರು. ಅವರು ಇನ್ನೂ ಬಿಗಿಯಾಗಿ ಕೈಹಿಡಿದರು. ಮಾವ ಕಾಫಿ ಲೋಟ ಹಿಡಿದು ಕಂಬಗಳ ನಡುವೆ ನಿಂತರು. ಎಲ್ಲರಿಗೂ ತಲೆಯಾಡಿಸಿದರು. ಆದರೆ ಲೋಟ ಒಳಗೆ ಬಂದಾಗ ತುಂಬಿದ್ದದ್ದು ತುಂಬಿದ್ದಂತೆಯೇ ಇತ್ತು.

ಶನಿವಾರ ಸಂಜೆ ಸೌದೆಯನ್ನು ಮತ್ತೆ ಅದರ ಜಾಗದಲ್ಲಿ ಒಟ್ಟಲು ಮಾವನೂ ನಾನೂ ಹಿಂದಕ್ಕೆ ಹೋದೆವು. ಓಣಿಯಲ್ಲಿ ಬಿಸಿಲು ಇಳಿಯುತ್ತಿತ್ತು. ನಾನು ಎರಡು ಸೌದೆ ಎತ್ತಿ ಜಗಲಿಯ ಮೇಲಿಡುವಷ್ಟರಲ್ಲಿ ಮಾವ ತಡೆದರು. ಅವರು ದೀಪದ ಗೂಡಿಗೆ ಬೆರಳು ಹಾಕಿ, ಎಣ್ಣೆಯ ಕಪ್ಪನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು.

"ಮಂಗಳಾ, ನಿಮ್ಮ ತೌರುಮನೇಲಿ ಹಿಂಬಾಗಿಲಿಗೆ ದೀಪದ ಗೂಡು ಇದೆಯಾ?"

"ಇಲ್ಲ ಮಾವ."

"ಜಗಲಿ?"

"ಹಿಂದುಗಡೆ ಯಾರು ಕೂರ್ತಾರೆ ಮಾವ?"

ಅವರು ಹೊಸ್ತಿಲು ನೋಡಿದರು. ನಡುವಿನಲ್ಲಿ ಬೊಗಸೆಯಷ್ಟು ಸವೆದಿತ್ತು. ಬಾಗಿಲ ಮುಂದಿನ ಚಪ್ಪಡಿ ಕಲ್ಲಿನಲ್ಲಿ ರಂಗೋಲಿಯ ಗೀರುಗಳಿದ್ದವು, ಆ ವಾರ ಮನೆಯ ಜೊತೆಗೇ ಎರಡು ಸಲ ತಿರುಗಿ ಬಂದ ಕಲ್ಲು. ಒಳಗೆ ಬಂದರು. ಬಾಗಿಲಿಂದ ನೇರ ದೇವರ ಕೋಣೆಗೆ ನಡೆದರು. ಸಾಮಾನು ಕೋಣೆಯಲ್ಲಿ ನಿಂತು ತಲೆಯೆತ್ತಿ ತೊಲೆಗಳನ್ನು ನೋಡಿದರು. ಇಡೀ ಮನೆಯಲ್ಲಿ ಕೆತ್ತನೆಯ ತೊಲೆ ಇದ್ದದ್ದು ಆ ಕೋಣೆಗೆ ಮಾತ್ರ, ಅದರಲ್ಲಿ ನಾವು ಈರುಳ್ಳಿ ಗೊಂಚಲು ಕಟ್ಟಿದ್ದೆವು. ಅಲ್ಲಿಂದ ಹಜಾರ ದಾಟಿ, ಅಡುಗೆಮನೆ ದಾಟಿ, ಬಚ್ಚಲ ಬಾಗಿಲು ದಾಟಿ ಕಂಬಗಳ ಹತ್ತಿರ ಬಂದು ಮೆಟ್ಟಿಲ ಮೇಲೆ ಕೂತರು. ಕೆಳಗೆ ಬಚ್ಚಲ ನೀರು ಹರಿಯುವ ಸದ್ದು ಕೇಳುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅವರು ಕಂಬವನ್ನು ಬಡಿದರು. ಟೊಳ್ಳು.

"ಈ ಕಂಬ ಏನನ್ನೂ ಹೊತ್ತಿಲ್ಲ ಕಣಮ್ಮ," ಎಂದರು. "ಆಮೇಲೆ ಅಂಟಿಸಿದ್ದು."

ನಾನು ಅವರ ಪಕ್ಕದಲ್ಲಿ ನಿಂತೇ ಇದ್ದೆ. ಅವರು ಟವಲು ಮುಖಕ್ಕೆ ಹಾಕಿಕೊಂಡರು. ಬೆವರು ಒರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಬಹಳ ಹೊತ್ತಾದರೂ ಟವಲು ಇಳಿಯಲಿಲ್ಲ. ಅದರೊಳಗಿನಿಂದಲೇ ದನಿ ಬಂತು. "ಮಂಗಳವಾರ ತಿರುಗಿದ್ದು ನಾಚ್ಕೊಂಡಲ್ಲ. ಆ ಮುದುಕಿ ಒಳಗೆ ಬಂದು ಉಂಡಿದ್ದಕ್ಕೇ ಅವತ್ತು ಮುಖ ತೋರ್ಸಿತ್ತು. ನಾನು ದಾಕ್ಷೀನ ಹೊರಗೆ ಕಳಿಸ್ದೆ, ಮತ್ತೆ ಬೆನ್ನು ಹಾಕ್ತು. ಜನ ಬಂದು ನನಗೆ ಮೈಸೂರು ಪಾಕು ತಿನ್ನಿಸಿದ್ರು."

ಆವತ್ತೇ ಹೋಗಿ ದಾಕ್ಷಿಯನ್ನು ಕರೆಯಬಹುದಿತ್ತು. ಅವಳು ತಾಯವ್ವನ ಮನೆಯಲ್ಲಿರುವುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿ ತಿಳಿದಿದ್ದೆ, ನಾನು ಹೇಳಿಯೂ ಹೇಳಿದೆ. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದರು. ಭಾನುವಾರದ ಸಮಾರಂಭ ಬೇಡವೆಂದು ಕೆಂಪರಾಜುವಿಗೆ ಹೇಳಿಕಳಿಸಬಹುದಿತ್ತು, ಅದಕ್ಕೂ ಅವರಿಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು, ಶಾಲೆಗೆ ಹೋಗಲು ಮನಸ್ಸಿಲ್ಲದ ಮಗುವಿನಂತೆ ಕುರ್ಚಿಯಲ್ಲಿ ಕೂತಿದ್ದರು.

ಶಾಮಿಯಾನ ಹಾಕಿದ್ದರು. ಕುರ್ಚಿಗಳು ಸಾಲದೆ ಜನ ಕಾಂಪೌಂಡಿನ ಮೇಲೆಲ್ಲ ಕೂತಿದ್ದರು. ಕಲ್ಲಿಗೆ ಹಳದಿ ಬಟ್ಟೆ ಹೊದಿಸಿತ್ತು. ಕೆಂಪರಾಜು ಮೈಕಿನಲ್ಲಿ ಚೆನ್ನವೀರಯ್ಯನವರನ್ನು ಹೊಗಳಿ, ಮಾವನಿಗೆ ಹಾರ ಹಾಕಿ, "ಈಗ ಮೇಷ್ಟ್ರು ನಮ್ಮೆಲ್ಲರ ಹೆಮ್ಮೆಯ ಮನೆಯ ಇತಿಹಾಸ ಹೇಳ್ತಾರೆ" ಎಂದ. ಮಾವ ಮೈಕು ಹಿಡಿದರು. ಬಾಯಿಪಾಠವಾದ ಮಾತು ತಾನಾಗಿಯೇ ಹೊರಟಿತು. "ನಮ್ಮ ತಂದೆಯವರು ಈ ಜಾಗ ಆರಿಸಿಕೊಂಡಾಗ ಇಲ್ಲಿ ಮೂರೇ ಮನೆ." ದ್ರಾಕ್ಷಿ ಗೊಂಚಲಿನವರೆಗೂ ಸರಾಗವಾಗಿ ಬಂದರು. ಒಗ್ಗರಣೆ ವಾಸನೆಯ ಮಾತಿಗೆ ಜನ ನಕ್ಕರು. ಅಲ್ಲಿ ಅವರ ದನಿ ನಿಂತಿತು. ಮೈಕಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು.

"ನೀವೆಲ್ಲ ಕೂತಿರೋದು ನಮ್ಮನೆ ಹಿತ್ತಲಲ್ಲಿ," ಎಂದರು.

ತಮಾಷೆ ಇರಬೇಕೆಂದು ಯಾರೋ ಮತ್ತೆ ನಕ್ಕರು.

"ಇದು ಮನೆ ಬೆನ್ನು. ಮುಖ ಓಣಿ ಕಡೆ ಇದೆ. ನಮ್ಮಪ್ಪ ಒಡಹುಟ್ಟಿದ ತಂಗೀನ, ಮಗು ಸಮೇತ ಹೊರಗೆ ಹಾಕಿದ್ರು. ಮನೆ ತಿರುಗ್ತು. ಅವರು ಹೋಗಿ ತಂಗೀನ ಕರೀಲಿಲ್ಲ. ಬೆನ್ನಿಗೇ ಎಂಟು ಕಂಬ ಅಂಟಿಸಿ ಇದೇ ಮುಂಭಾಗ ಅಂದ್ರು. ನಾನು ಇಷ್ಟು ವರ್ಷ ನಿಮಗೆ ಚಪ್ಪಲಿ ಬಿಡಿಸಿ ಬಚ್ಚಲ ಕಾಲುವೆ ತೋರಿಸ್ದೆ. ಮೊನ್ನೆ ನಾನೂ ನನ್ನ ಮಗಳನ್ನ ಹೊರಗೆ ಹಾಕಿದೀನಿ. ಈ ಕಲ್ಲು ಬೇಡಪ್ಪ. ತಗೊಂಡ್ಹೋಗಿ."

ಯಾರಾದರೂ ಬೈಯಬಹುದಿತ್ತು. ಎದ್ದು ಹೋಗಬಹುದಿತ್ತು. ಮಾವ ಅದಕ್ಕೆ ಸಿದ್ಧರಾಗಿ ತಲೆ ತಗ್ಗಿಸಿ ನಿಂತಿದ್ದರು. ಕೆಂಪರಾಜು ಮೆತ್ತಗೆ ಅವರ ಕೈಯಿಂದ ಮೈಕು ತೆಗೆದುಕೊಂಡ. "ಮೇಷ್ಟ್ರಿಗೆ ಬಿಸಿಲು ತಾಗಿದೆ. ಎಷ್ಟು ದೊಡ್ಡ ಮನಸ್ಸು ನೋಡಿ, ಹೊಗಳಿದ್ರೆ ತಡ್ಕೊಳಲ್ಲ, ತಮ್ಮನ್ನೇ ಕೀಳು ಮಾಡ್ಕೊತಾರೆ. ಇಂಥವರು ಇರೋದಕ್ಕೇ ಈ ಮನೆ ಹಿಂಗಿದೆ." ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ನನ್ನ ಪಕ್ಕದ ಹೆಂಗಸು ಕಣ್ಣ ತುದಿಗೆ ಸೆರಗು ಒತ್ತಿಕೊಂಡಳು. ಹಳದಿ ಬಟ್ಟೆ ಸರಿಯಿತು. 'ಎಂದೂ ಬೆನ್ನು ತಿರುಗಿಸದ ಮನೆ' ಎಂದು ದುಂಡನೆಯ ಅಕ್ಷರಗಳು ಹೊಳೆದವು. ಅಷ್ಟು ಜನರೂ ತಮ್ಮ ವಿಳಾಸದಲ್ಲಿ ನಮ್ಮ ಮನೆಯನ್ನು ಬರೆಯುವವರು, ಏನು ಮಾಡಿಯಾರು?

ನನ್ನ ಮಾವ ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಫೋಟೋದವನು "ಸಾರ್, ಸಾರ್" ಎನ್ನುತ್ತಿರುವಾಗಲೇ ಗೇಟು ದಾಟಿದರು. ನಾನು ಚಪ್ಪಲಿ ಮೆಟ್ಟಿ ಹಿಂದೆ ಹೊರಟೆ.

ತಾಯವ್ವನ ಮನೆ ಗಿರಣಿಯಿಂದಾಚೆ, ಹೆಂಚಿನ ಸಾಲುಮನೆಗಳಲ್ಲಿ ಒಂದು. ಬಾಗಿಲು ರಸ್ತೆಗೇ ಇತ್ತು, ತೆರೆದಿತ್ತು. ಒಳಗೆ ಮುದುಕಿ ಚಾಪೆಯ ಮೇಲೆ ಮಲಗಿದ್ದಳು. ದಾಕ್ಷಿ ಅವಳ ಕಣ್ಣಿನ ಬಟ್ಟೆ ಬಿಚ್ಚುತ್ತಿದ್ದಳು. ಮಾವ ಹೊಸ್ತಿಲ ಹೊರಗೇ ನಿಂತರು. ದಾಕ್ಷಿ ನೋಡಿದಳು. ಕೈಯ ಕೆಲಸ ನಿಲ್ಲಿಸಲಿಲ್ಲ.

"ಯಾರವ್ವ, ಬೆಳಕಿಗೆ ಅಡ್ಡ ನಿಂತಿರೋರು?" ಎಂದಳು ತಾಯವ್ವ.

"ನಮ್ಮಪ್ಪ, ದೊಡ್ಡಮ್ಮ."

ಮುದುಕಿ ಬಾಗಿಲ ಕಡೆ ಮುಖ ತಿರುಗಿಸಿದಳು. "ನಂಜನಾ? ನೀನು ಹುಟ್ಟಿದೀಯ ಅಂತ ನಮ್ಮವ್ವಂಗೆ ಯಾರೋ ಹೇಳಿದ್ರು. ಬೆಲ್ಲ ಹಂಚಿದ್ಲು. ಬಾ, ಒಳಗೆ ಬಾ."

ಅವರನ್ನು ಏಕವಚನದಲ್ಲಿ ಕರೆಯುವವರು ಯಾರೂ ಉಳಿದಿರಲಿಲ್ಲ. ಮಾವ ಕಾಲು ಎತ್ತಿದವರು ಮತ್ತೆ ಇಳಿಸಿದರು. "ಇಲ್ಲೇ ಇರ್ತೀನಿ ಅತ್ತಿಗೆ. ಒಳಗೆ ಬರೋ ಯೋಗ್ಯತೆ ಇಲ್ಲ. ಅವತ್ತು ಏನಾಯ್ತು ಅಂತ ನಿಮ್ಮ ಬಾಯಲ್ಲೇ ಕೇಳ್ಬೇಕು."

"ಏನಾಗುತ್ತೆ, ನಾನು ಕೂಸು, ಅವ್ವ ಹೇಳಿದ್ದಷ್ಟೇ ಗೊತ್ತು. ನಮ್ಮ ಸೋದರಮಾವ, ನಿಮ್ಮಪ್ಪ, ಬಾಗಿಲು ಹಾಕ್ಕೊಂಡ. ಅವ್ವ ಬಡೀಲಿಲ್ಲ. ಬೆಳಗಾದ್ರೆ ತೆಗೀತಾನೆ, ರಸ್ತೇಲಿ ಓಡಾಡೋರು ನೋಡ್ತಾರಲ್ಲ, ನಾಚಿಕೆಗಾದ್ರೂ ತೆಗೀತಾನೆ ಅಂತ ಜಗಲಿ ಮೇಲೆ ನನ್ನ ಮಗ್ಗುಲಲ್ಲಿ ಹಾಕ್ಕೊಂಡು ಮಲಗಿದ್ಲು. ಎದ್ದು ನೋಡಿದ್ರೆ ರಸ್ತೆ ಇಲ್ಲ. ಮುಂದುಗಡೆ ಓಣಿ. ಮನೆ ನಮ್ಮಿಬ್ಬರನ್ನೂ ಹೊತ್ಕೊಂಡೇ ತಿರುಗಿತ್ತು. ಯಾರಿಗೂ ಕಾಣದ ಹಂಗೆ." ತಾಯವ್ವ ಉಸಿರು ಬಿಟ್ಟಳು. "ಅವ್ವ ಆ ಮನೇನ ಬೈಲಿಲ್ಲ ಕಣಪ್ಪ. ಅದಾದ್ರೂ ನಾಚ್ಕೊಂತಲ್ಲ ಅನ್ನೋಳು."

ಮಾವ ಹೊರಗಿನ ಕಲ್ಲಿನ ಮೇಲೆ ಕುಸಿದು ಕೂತರು. ಬೀದಿಯ ಹೆಂಗಸರು ನಲ್ಲಿಯ ಹತ್ತಿರ ಕೊಡ ಬಿಟ್ಟು ನೋಡುತ್ತಿದ್ದರು. ಜರಿಯಂಚಿನ ಪಂಚೆ, ಇಸ್ತ್ರಿ ಜುಬ್ಬ ಹಾಕಿಕೊಂಡ ಮುದುಕ ಬಿಕ್ಕುತ್ತಿದ್ದ. ಅವರು ಮುಖ ಮುಚ್ಚಿಕೊಳ್ಳಲಿಲ್ಲ. ಕೊನೆಗೆ, "ಮನೆಗೆ ಬಾಮ್ಮ ದಾಕ್ಷಿ" ಎಂದರು.

"ಯಾವ ಬಾಗಿಲಿಂದ ಬರ್ಲಿ ಅಪ್ಪ?"

ಮಾವ ತಲೆ ತಗ್ಗಿಸಿ ಹೊಸ್ತಿಲ ಕಡೆ ನೋಡಿದರು.

"ನಾನು ಬಂದ್ರೆ ಮನೆ ಸರಿಹೋಗುತ್ತೆ ಅಂತ ಕರೀತಿದ್ರೆ ನಾನು ಬರಲ್ಲ," ಎಂದಳು ದಾಕ್ಷಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಹೋಗು ಅಂದಾಗ ಮನೆ ನೋಡ್ಕೊಂಡೇ ಅಂದ್ರಿ. ಬಾ ಅನ್ನುವಾಗಲಾದ್ರೂ ನನ್ನ ನೋಡಿ ಅನ್ನಿ." ಅವಳು ಕೈಗಡಿಯಾರ ನೋಡಿಕೊಂಡು ಎದ್ದಳು. ಪಾಳಿಯ ಹೊತ್ತಾಗಿತ್ತು. ಪುಟ್ಟ ಔಷಧದ ಸೀಸೆಯನ್ನು ಹೊಸ್ತಿಲ ಮೇಲಿಟ್ಟಳು. "ದೊಡ್ಡಮ್ಮನ ಕಣ್ಣಿಗೆ ಒಂದು ಹನಿ ಹಾಕ್ಬೇಕು. ನಾನು ಹೊರಟೆ. ಹಾಕ್ತೀರಾ?"

ನಾನು ಹಾಕುತ್ತೇನೆಂದು ಬಾಯಿ ತೆರೆದೆ. ದಾಕ್ಷಿ ನನ್ನ ಕಡೆ ನೋಡಿದ ರೀತಿಗೆ ಸುಮ್ಮನಾದೆ. ಅವಳು ಚಪ್ಪಲಿ ಮೆಟ್ಟಿ ಹೋದಳು.

ಮಾವ ಸೀಸೆ ತೆಗೆದುಕೊಂಡರು. ತಗ್ಗಿದ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಹೋಗಿ ಚಾಪೆಯ ಪಕ್ಕದಲ್ಲಿ ಮಂಡಿಯೂರಿದರು. ಮಂಗಳವಾರದಿಂದ ಆ ಮನುಷ್ಯ ಯಾರ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ, ನನ್ನದನ್ನೂ ಸಹ. ಹನಿ ಹಾಕಬೇಕಾದರೆ ನೋಡದೆ ವಿಧಿಯಿಲ್ಲ. ತಾಯವ್ವ ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ಹಿಡಿದು, ಕೆಂಪಗಿದ್ದ ಕಣ್ಣನ್ನು ಅವರ ಮುಖದ ಮೇಲೇ ಇಟ್ಟು ಕಾಯುತ್ತಿದ್ದಳು. ಮೊದಲ ಹನಿ ಹಣೆಗೆ ಬಿತ್ತು. ಎರಡನೆಯದು ಕೆನ್ನೆಗೆ ಜಾರಿತು.

"ಹೆದರ್ಕೋಬೇಡ ನಂಜ," ಎಂದಳು ಅವಳು. "ಸರಿಯಾಗಿ ನೋಡಿ ಹಾಕು."